ಸೀಮೆಎಣ್ಣೆ ಅಗ್ಗವಾದ ಕಾಲ

‘ಸೀಮೆ’ ಎಂಬ ವಿಶೇಷಣವನ್ನು ಹೊತ್ತುಕೊಂಡು ಕಡಲಾಚೆಯಿಂದ ನಮ್ಮಲ್ಲಿಗೆ ಬಂದ ಪದಾರ್ಥಗಳು ಹಲವು. ಸೀಮೆಸುಣ್ಣ ಶಾಲೆಗೆ ಬಂದಿತು. ಸೀಮೆಬದನೆ ಅಡಿಗೆಮನೆಗೆ ಬಂದಿತು. ಸೀಮೆಹಸು ಕೊಟ್ಟಿಗೆಗೆ ಬಂದಿತು. ಇವೆಲ್ಲಕ್ಕಿಂತ ಹೆಚ್ಚಾಗಿ ನಮ್ಮ ಹಳ್ಳಿಯ ಬಾಳನ್ನು ಬದಲಿಸಿದ್ದು ಸೀಮೆಎಣ್ಣೆ. ಧಾರವಾಡ, ಬೆಳಗಾವಿಗಳ ಕಡೆ ಅದಕ್ಕೆ ಘಾಸಲೇಟ್ ಎಂದು ಹೆಸರು. ಮಲೆನಾಡು, ಕರಾವಳಿಗಳಲ್ಲಿ ಚಿಮಣಿ ಎಣ್ಣೆ. ಹೆಸರು ಯಾವುದಾದರೇನು, ಬುಡ್ಡಿ, ಲಾಟೀನು, ಕಂದೀಲುಗಳಲ್ಲಿ ಅದು ಉರಿದ ಕಾಲದಲ್ಲಿಯೇ ನಮ್ಮ ಹಿರಿಯರು ರಾತ್ರಿಯ ಹೊತ್ತು ಓದುವುದನ್ನು ಕಲಿತರು.

ಎಣ್ಣೆಯ ಬೆಲೆ ಏರಿದಾಗ ಪತ್ರಿಕೆಗಳಲ್ಲಿ ಗದ್ದಲವಾಗುತ್ತದೆ. ಇಳಿದಾಗ ನಾಲ್ಕು ಸಾಲಿನ ಸುದ್ದಿಯೊಂದು ಬಂದು ಮುಗಿಯುತ್ತದೆ. ಬೆಲೆ ಇಳಿದರೆ ಎಲ್ಲರಿಗೂ ಒಳ್ಳೆಯದೇ, ಅದರಲ್ಲಿ ವಿಚಾರಿಸತಕ್ಕದ್ದೇನಿದೆ ಎಂಬುದು ಸಾಮಾನ್ಯ ಭಾವನೆ. ಆದರೆ ಚರಿತ್ರೆಯನ್ನು ನೋಡಿದರೆ, ಎಣ್ಣೆ ಅಗ್ಗವಾದ ಪ್ರತಿಯೊಂದು ಸಲವೂ ಯಾರದೋ ಮನೆ ಬೆಳಗಿದೆ, ಮತ್ತೆ ಯಾರದೋ ಒಲೆ ಆರಿದೆ. ಆ ಎರಡು ಮನೆಗಳೂ ಒಂದೇ ಅಲ್ಲ ಎಂಬುದೇ ಇಲ್ಲಿ ಗಮನಿಸಬೇಕಾದ ವಿಷಯ.

ಜ್ಯೋತಿನಗರದವರು

ಸೀಮೆಎಣ್ಣೆ ಬರುವ ಮುನ್ನ ಕನ್ನಡನಾಡಿನಲ್ಲಿ ಕತ್ತಲೆಯೇ ಇತ್ತೆಂದು ಭಾವಿಸಬೇಕಾಗಿಲ್ಲ. ಹರಳೆಣ್ಣೆ, ಹೊಂಗೆಎಣ್ಣೆ, ಹಿಪ್ಪೆಎಣ್ಣೆ, ಬೇವಿನೆಣ್ಣೆಗಳು ಹಣತೆಯಲ್ಲಿ ಉರಿಯುತ್ತಿದ್ದುವು. ದೇವರ ಮುಂದೆ ಎಳ್ಳೆಣ್ಣೆ, ಇದ್ದವರ ಮನೆಯಲ್ಲಿ ತುಪ್ಪ. ಇವುಗಳಲ್ಲಿ ಬಡವರ ಮನೆಯ ದೀಪಕ್ಕೆ ಮುಖ್ಯವಾದುದು ಹರಳು ಮತ್ತು ಹೊಂಗೆ. ಹರಳನ್ನು ಹೆಂಗಸರೇ ಹುರಿದು, ಕುಟ್ಟಿ, ನೀರಿನಲ್ಲಿ ಕುದಿಸಿ, ಮೇಲೆ ತೇಲಿದ ಎಣ್ಣೆಯನ್ನು ತೆಗೆಯುತ್ತಿದ್ದರು. ಟಿಪ್ಪುವಿನ ಪತನದ ನಂತರ 1800–01ರಲ್ಲಿ ಈ ನಾಡನ್ನೆಲ್ಲ ಸುತ್ತಿದ ಫ್ರಾನ್ಸಿಸ್ ಬುಕಾನನ್ ಹರಳೆಣ್ಣೆಯ ಈ ಕೆಲಸವನ್ನೂ ಗಾಣಗಳನ್ನೂ ಕಂಡು ಬರೆದಿಟ್ಟಿದ್ದಾನೆ. ಉಳಿದ ಬೀಜಗಳು ಗಾಣಿಗನ ಮನೆಗೆ ಹೋಗುತ್ತಿದ್ದುವು.

ಗಾಣಿಗನ ವೃತ್ತಿ ಬಹು ಹಳೆಯದು. ಶಾಸನಗಳಲ್ಲಿ ಎಣ್ಣೆಯವರನ್ನು ತೆಲ್ಲಿಗರೆಂದು ಕರೆದಿದೆ. ಅವರ ಸಂಘಕ್ಕೆ ಐವತ್ತೊಕ್ಕಲು ಎಂಬ ಹೆಸರಿದ್ದುದೂ ಕಂಡುಬರುತ್ತದೆ. ಬಳ್ಳಿಗಾವೆಯ ದೇವಾಲಯಗಳ ಶಾಸನಗಳನ್ನು ಓದಿದವರಿಗೆ ನಂದಾದೀವಿಗೆಗಾಗಿ ಗಾಣವನ್ನೋ ಗಾಣದ ತೆರಿಗೆಯನ್ನೋ ಬಿಟ್ಟುಕೊಟ್ಟ ದತ್ತಿಗಳು ಪರಿಚಿತವೇ. ಬಿ.ಎಲ್. ರೈಸ್ ಅವರು 1902ರಲ್ಲಿ ಹೊರತಂದ ‘ಎಪಿಗ್ರಾಫಿಯಾ ಕರ್ನಾಟಿಕ’ದ ಏಳನೆಯ ಸಂಪುಟದಲ್ಲಿ ಈ ಶಿಕಾರಿಪುರ ಸೀಮೆಯ ಜೊತೆಯಲ್ಲಿಯೇ ಹೊನ್ನಾಳಿ, ಚನ್ನಗಿರಿ ತಾಲ್ಲೂಕುಗಳ ಶಾಸನಗಳೂ ಸೇರಿವೆ. ಹನ್ನೆರಡನೆಯ ಶತಮಾನದ ಶರಣರ ಗಣದಲ್ಲಿ ಗಾಣದ ಕಣ್ಣಪ್ಪನೆಂಬ ಒಬ್ಬ ವಚನಕಾರನೂ ಇದ್ದಾನೆ. ಊರಿನ ದೇವರಿಗೂ ಮನುಷ್ಯರಿಗೂ ಬೆಳಕನ್ನು ಒದಗಿಸುತ್ತಿದ್ದವನು ಗಾಣಿಗ. ಇಂದಿನ ಮಾತಿನಲ್ಲಿ ಹೇಳುವುದಾದರೆ, ಅಂದಿನ ‘ಇಂಧನ ಉದ್ಯಮ’ದ ಕೆಲಸಗಾರ ಅವನೇ.

ಹತ್ತೊಂಬತ್ತನೆಯ ಶತಮಾನದ ಕೊನೆಯ ಮೈಸೂರು ಜನಗಣತಿಯವರು ಗಾಣಿಗರಲ್ಲಿ ಮೂರು ಪಂಗಡಗಳನ್ನು ಗುರುತಿಸಿದ್ದಾರೆ. ಕಲ್ಲುಗಾಣಕ್ಕೆ ಎರಡೆತ್ತು ಹೂಡುವವರು ಹೆಗ್ಗಾಣಿಗರು. ಮರದ ಗಾಣದವರು ಕಿರುಗಾಣಿಗರು. ಒಂದೇ ಎತ್ತನ್ನು ಹೂಡುವವರು ಒಂಟಿಯೆತ್ತು ಗಾಣಿಗರು. ಎಲ್ಲರಿಗೂ ಸೇರಿ ಜ್ಯೋತಿಪಣದವರು, ಜ್ಯೋತಿನಗರದವರು ಎಂಬ ಹೆಸರಿತ್ತು. ‘ಬೆಳಕಿನ ನಗರದವರು!’ ಕಣ್ಣಿಗೆ ಬಟ್ಟೆ ಕಟ್ಟಿಸಿಕೊಂಡು ದಿನವೆಲ್ಲ ಸುತ್ತುವ ಎತ್ತಿನ ಹಿಂದೆ ತಾನೂ ಸುತ್ತುತ್ತಿದ್ದ ಮನುಷ್ಯನಿಗೆ ಇದಕ್ಕಿಂತ ಗೌರವದ ಹೆಸರು ಸಿಕ್ಕಲಾರದು.

ಈ ವೃತ್ತಿಯ ಸುತ್ತ ಇನ್ನೂ ಎಷ್ಟೋ ಕೈಗಳಿದ್ದುವು. ಬೇಸಗೆಯಲ್ಲಿ ಹೊಂಗೆಯ ಮರದ ಕೆಳಗೆ ಕಾಯಿ ಆಯುವ ಹೆಂಗಸರು, ಮಕ್ಕಳು. ಗಾಣ ಕಡೆದು ದುರಸ್ತಿ ಮಾಡುವ ಬಡಗಿ, ಕಲ್ಲುಕುಟಿಗ. ಹಣತೆ ಮಾಡುವ ಕುಂಬಾರ. ಎಣ್ಣೆ ತೆಗೆದ ಮೇಲೆ ಉಳಿದ ಹೊಂಗೆ ಹಿಂಡಿ ತೋಟಗಳಿಗೆ ಒಳ್ಳೆಯ ಗೊಬ್ಬರ. ದೀಪದ ಖರ್ಚೆಂದು ಕೊಟ್ಟ ಕಾಸು ಊರಿನೊಳಗೇ ಸುತ್ತಿ ಮತ್ತೆ ಊರಿನ ಮಣ್ಣಿಗೇ ಸೇರುತ್ತಿತ್ತು.

ಡಬ್ಬದಲ್ಲಿ ಬಂದ ಬೆಳಕು

1859ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯದ ಟೈಟಸ್‌ವಿಲ್ ಎಂಬಲ್ಲಿ ಎಡ್ವಿನ್ ಡ್ರೇಕ್ ಎಂಬವನು ನೆಲ ಕೊರೆದು ಕಲ್ಲೆಣ್ಣೆಯನ್ನು ತೆಗೆದನು. ಆಗ ಯಾರಿಗೂ ಮೋಟಾರಿನ ಕನಸಿರಲಿಲ್ಲ. ಎಣ್ಣೆ ಬೇಕಾಗಿದ್ದುದು ದೀಪಕ್ಕೆ. 1870ರಲ್ಲಿ ರಾಕ್‌ಫೆಲರ್ ಸ್ಟಾಂಡರ್ಡ್ ಆಯಿಲ್ ಕಂಪೆನಿಯನ್ನು ಸ್ಥಾಪಿಸಿದನು. ಆಗ ಗ್ಯಾಲನ್ನಿಗೆ ಸುಮಾರು 26 ಸೆಂಟ್ ಇದ್ದ ಶುದ್ಧ ಸೀಮೆಎಣ್ಣೆಯ ಬೆಲೆ ಹದಿನೈದು ವರ್ಷಗಳಲ್ಲಿ ಸುಮಾರು 8 ಸೆಂಟಿಗೆ ಇಳಿಯಿತು. ಅಷ್ಟರಲ್ಲಿ ರಷ್ಯದ ಬಾಕುವಿನಲ್ಲಿ ನೊಬೆಲ್ ಸಹೋದರರು ಎಣ್ಣೆ ತೆಗೆಯುತ್ತಿದ್ದರು. 1883ರಲ್ಲಿ ಬಾಕುವಿನಿಂದ ಕಪ್ಪು ಸಮುದ್ರದ ಬಾತುಮ್‌ವರೆಗೆ ರೈಲು ಬಂದಿತು. 1892ರಲ್ಲಿ ಮಾರ್ಕಸ್ ಸಾಮ್ಯುಯೆಲನ ‘ಮ್ಯೂರೆಕ್ಸ್’ ಎಂಬ ಎಣ್ಣೆ ಹಡಗು ಸೂಯೆಜ್ ಕಾಲುವೆಯನ್ನು ದಾಟಿ ಪೂರ್ವಕ್ಕೆ ನಡೆಯಿತು. ಪೀಪಾಯಿ, ಪೆಟ್ಟಿಗೆಗಳ ಖರ್ಚಿಲ್ಲದೆ ಹಡಗಿನ ಹೊಟ್ಟೆಯಲ್ಲಿಯೇ ಎಣ್ಣೆ ತುಂಬಿ ತರುವುದು ಇದರಿಂದ ಸಾಧ್ಯವಾಯಿತು. ಈ ಕಡೆ 1886ರಲ್ಲಿ ಬರ್ಮಾ ಆಯಿಲ್ ಕಂಪೆನಿ ಹುಟ್ಟಿತು. ಅಮೆರಿಕ, ರಷ್ಯ, ಬರ್ಮಾ ಮೂರೂ ಕಡೆಯ ಎಣ್ಣೆ ಭಾರತದ ಬಂದರುಗಳಲ್ಲಿ ಒಂದರ ಮೇಲೊಂದು ಬಿದ್ದು ಪೈಪೋಟಿ ನಡೆಸಿದುವು. ಬೆಲೆ ಇಳಿಯದೆ ಏನು ಮಾಡೀತು?

ಬಂದರಿನಿಂದ ಒಳನಾಡಿಗೆ ಅದನ್ನು ತಂದದ್ದು ರೈಲು. ಬೆಂಗಳೂರಿನ ಕಡೆಯಿಂದ ಬಂದ ಹಳಿ 1889ರಲ್ಲಿ ದಾವಣಗೆರೆಯ ಮೂಲಕ ಹರಿಹರವನ್ನು ಮುಟ್ಟಿತು. 1899ರಲ್ಲಿ ಬೀರೂರಿನಿಂದ ಶಿವಮೊಗ್ಗಕ್ಕೆ ಇನ್ನೊಂದು ಹಳಿ ಬಿದ್ದಿತು. ಈ ಎರಡು ಹಾದಿಗಳ ನಡುವೆ ಇರುವುದು ಚನ್ನಗಿರಿ ಸೀಮೆ. ಅಲ್ಲಿಯ ನಲ್ಲೂರಿನಂಥ ಊರುಗಳಿಗೆ ಎಣ್ಣೆಯ ಡಬ್ಬ ಬರಬೇಕಾದರೆ ರೈಲು ನಿಲ್ದಾಣದಿಂದ ಎತ್ತಿನ ಗಾಡಿಯೇ ಗತಿ. ಹಾಗೆಂದು ಡಬ್ಬ ಬರದೆ ಇರಲಿಲ್ಲ. ನಾಲ್ಕು ಗ್ಯಾಲನ್ ಹಿಡಿಯುವ ಆ ಚೌಕ ಡಬ್ಬವನ್ನು ಕಾಣದ ಮನೆ ಮುಂದೆ ಉಳಿಯಲಿಲ್ಲ. ಎಣ್ಣೆ ಮುಗಿದ ಮೇಲೆ ಅದೇ ನೀರು ಸೇದುವ ಕೊಡ, ಅಕ್ಕಿ ತುಂಬುವ ಪಾತ್ರೆ, ಬಿಡಿಸಿ ಹಾಸಿದರೆ ಸೂರಿನ ತಗಡು. ಕತ್ತರಿಸಿ ಬೆಸೆದರೆ ಬುಡ್ಡಿದೀಪ.

ಸೀಮೆಎಣ್ಣೆ ಗೆದ್ದದ್ದು ಬೆಲೆಯಿಂದ ಮಾತ್ರವೇ ಅಲ್ಲ ಎಂಬುದನ್ನೂ ಹೇಳಬೇಕು. ನಮ್ಮ ಎಣ್ಣೆಗಳು ಮಂದವಾದುವು. ಬತ್ತಿಯಲ್ಲಿ ಹೆಚ್ಚು ಎತ್ತರಕ್ಕೆ ಏರಲಾರವು. ಆದುದರಿಂದಲೇ ಹಣತೆ ಅಷ್ಟು ಆಳವಿಲ್ಲದ್ದು, ಉರಿ ಎಣ್ಣೆಗೆ ತಾಗಿದಂತೆಯೇ ಇರುವುದು. ಗಳಿಗೆಗೊಮ್ಮೆ ಬತ್ತಿ ಮುಂದೂಡುವ ಕೆಲಸ ತಪ್ಪುತ್ತಿರಲಿಲ್ಲ. ಸೀಮೆಎಣ್ಣೆ ತೆಳು. ಬತ್ತಿಯಲ್ಲಿ ಅಂಗುಲಗಟ್ಟಲೆ ಏರುತ್ತದೆ. ಎಣ್ಣೆ ಕೆಳಗೆ, ಉರಿ ಮೇಲೆ, ಸುತ್ತ ಗಾಜಿನ ಚಿಮಣಿ ಇಟ್ಟರೆ ಗಾಳಿ ಸರಿಯಾಗಿ ಹಾದು ಬೆಳಕು ಬೆಳ್ಳಗಾಗುತ್ತದೆ. ಗಾಳಿಗೆ ಆರದ ಲಾಟೀನನ್ನು ಹಿಡಿದು ರೈತ ರಾತ್ರಿ ಗದ್ದೆಗೆ ನೀರು ಕಟ್ಟಲು ಹೋಗಬಹುದಾಯಿತು. ಹುಡುಗರು ರಾತ್ರಿ ಓದಬಹುದಾಯಿತು. ಈ ಲಾಭವನ್ನು ಅಲ್ಲಗಳೆಯುವುದು ಕೃತಘ್ನತೆಯಾದೀತು. ಬೆಲೆ ಇಳಿದುದರ ಫಲ ಆಗ ನಿಜವಾಗಿಯೂ ಗುಡಿಸಲಿನ ಒಳಗೆ ಬಂದಿತು.

ಗಾಣ ನಿಂತಾಗ

ಆದರೆ ಗಾಣಿಗನ ಗತಿ? ಅವನ ಅರ್ಧ ವ್ಯಾಪಾರ ಅಡಿಗೆಯ ಎಣ್ಣೆ, ಅರ್ಧ ದೀಪದ ಎಣ್ಣೆ ಎಂದು ಸ್ಥೂಲವಾಗಿ ಇಟ್ಟುಕೊಂಡರೆ, ದೀಪದ ಪಾಲು ಮೆಲ್ಲಮೆಲ್ಲನೆ ಕೈಬಿಟ್ಟಿತು. ಒಂದೇ ದಿನ ಆದದ್ದಲ್ಲ. ದೇವರಮನೆಯ ದೀಪ ಉಳಿಯಿತು, ನಡುಮನೆಯ ದೀಪ ಹೋಯಿತು. ಹಬ್ಬದ ಎಣ್ಣೆ ಉಳಿಯಿತು, ದಿನದ ಎಣ್ಣೆ ಹೋಯಿತು. ಎತ್ತಿಗೆ ಮಾತ್ರ ಹಬ್ಬದ ದಿನವೂ ಹುಲ್ಲು ಬೇಕು, ಉಳಿದ ದಿನವೂ ಹುಲ್ಲು ಬೇಕು. ಗಾಣ ಸುತ್ತದ ದಿನಗಳು ಹೆಚ್ಚಿದಂತೆ ಕೆಲವರು ಅಂಗಡಿ ಇಟ್ಟರು. ಕೆಲವರು ಬೇಸಾಯಕ್ಕೆ, ಕೂಲಿಗೆ ಹೋದರು. ತಾವು ಸೋತ ಸೀಮೆಎಣ್ಣೆಯನ್ನೇ ಸೇರಿನಲ್ಲಿ ಅಳೆದು ಮಾರುವುದು ಕೆಲವರ ಪಾಲಿಗೆ ಬಂದಿತು.

ಎಲ್ಲ ತಪ್ಪನ್ನೂ ಸೀಮೆಎಣ್ಣೆಯ ಮೇಲೆ ಹೊರಿಸಿದರೆ ಅದು ಚರಿತ್ರೆಯಾಗದು. ಇಪ್ಪತ್ತನೆಯ ಶತಮಾನದಲ್ಲಿ ಚಿತ್ರದುರ್ಗ, ದಾವಣಗೆರೆಗಳ ಕಡೆಯ ಕಪ್ಪುಮಣ್ಣು, ಕೆಂಪುಮಣ್ಣುಗಳಲ್ಲಿ ಕಡಲೆಕಾಯಿ ಹರಡಿತು. ಅದರ ಎಣ್ಣೆ ಗಾಣಿಗನನ್ನು ಇನ್ನಷ್ಟು ಕಾಲ ಎತ್ತಿ ಹಿಡಿಯಬಹುದಾಗಿತ್ತು. ಆದರೆ ಕಾಯಿಯ ಹಿಂದೆಯೇ ಯಂತ್ರದ ಮಿಲ್ಲುಗಳೂ ಬಂದುವು. ಮೊದಲ ಪೆಟ್ಟು ಸೀಮೆಎಣ್ಣೆಯದು, ಎರಡನೆಯದು ಎಣ್ಣೆ ಮಿಲ್ಲಿನದು. ಮೊದಲ ಪೆಟ್ಟು ತಿಂದು ಬಲ ಕುಂದದೆ ಇದ್ದಿದ್ದರೆ ಗಾಣಿಗನೇ ಮಿಲ್ಲಿನ ಯಜಮಾನನಾಗುತ್ತಿದ್ದನೋ ಏನೋ. ಯಂತ್ರ ಕೊಳ್ಳಲು ಬಂಡವಾಳ ಬೇಕಾದ ಹೊತ್ತಿಗೆ ಅವನ ಕೈ ಬರಿದಾಗಿತ್ತು.

ಇಲ್ಲಿ ಒಂದು ಲೆಕ್ಕವನ್ನು ನೋಡಬಹುದು. ಬೆಲೆ ಇಳಿದುದರಿಂದ ಆದ ಲಾಭ ಒಂದೊಂದು ಮನೆಗೆ ತಿಂಗಳಿಗೆ ಕೆಲವು ಕಾಸು. ಸಾವಿರಾರು ಮನೆಗಳಿಗೆ ಹರಡಿ ಹೋಯಿತು. ನಷ್ಟ ಹಾಗೆ ಹರಡಲಿಲ್ಲ. ಊರಿಗೆ ಒಂದೋ ಎರಡೋ ಮನೆಯಲ್ಲಿ ಅದೆಲ್ಲವೂ ಬಂದು ಕುಳಿತುಕೊಂಡಿತು. ಸಾವಿರ ಮನೆಯವರು ಗಾಣಿಗನನ್ನು ದ್ವೇಷಿಸಿದವರಲ್ಲ. ಅವರಿಗೆ ಅವನ ನೆನಪೇ ಆಗಲಿಲ್ಲ. ಹೊಸ ಎಣ್ಣೆಯ ಮೇಲೆ ಸರ್ಕಾರ ಸುಂಕ ಎತ್ತಿತು, ಕಂಪೆನಿ ಲಾಭ ಎತ್ತಿತು. ಗಾಣ ನಿಂತವನ ಮನೆಯ ಒಲೆಯ ಬಗ್ಗೆ ಕೇಳುವ ಕೆಲಸ ಯಾರದೂ ಆಗಿರಲಿಲ್ಲ.

ಕಂಪೆನಿಗಳ ಕಾಳಗ

ಎರಡನೆಯ ಪ್ರಸಂಗ ಇನ್ನೂ ವಿಚಿತ್ರವಾದದ್ದು. 1927ರಲ್ಲಿ ಭಾರತದ ಸೀಮೆಎಣ್ಣೆಯ ಪೇಟೆಯಲ್ಲಿ ಬೆಲೆಗಳ ಯುದ್ಧ ನಡೆಯಿತು. ನ್ಯೂಯಾರ್ಕಿನ ಸ್ಟಾಂಡರ್ಡ್ ಆಯಿಲ್ ಕಂಪೆನಿ ಸೋವಿಯತ್ ರಷ್ಯದಿಂದ ಅಗ್ಗದ ಎಣ್ಣೆ ಕೊಂಡು ಇಲ್ಲಿ ಮಾರಹೊರಟಿತು. ರಾಯಲ್ ಡಚ್ ಶೆಲ್ಲಿನ ಹೆನ್ರಿ ಡೆಟರ್ಡಿಂಗನಿಗೆ ಇದು ಸಹನೆಯಾಗಲಿಲ್ಲ. ರಷ್ಯದಲ್ಲಿದ್ದ ಅವನ ಕಂಪೆನಿಯ ಆಸ್ತಿಯನ್ನು ಕ್ರಾಂತಿಯ ಸರ್ಕಾರ ವಶಪಡಿಸಿಕೊಂಡಿತ್ತು. ಅವನು ಭಾರತದಲ್ಲಿ ಬೆಲೆ ಕಡಿದನು, ಎದುರಾಳಿಯೂ ಕಡಿದನು. ಇಲ್ಲಿ ಹೊತ್ತಿದ ಬೆಂಕಿ ಬೇರೆ ದೇಶಗಳ ಪೇಟೆಗೂ ಹಬ್ಬಿತು.

ಯಾವ ಹಳ್ಳಿಯ ಬುಡ್ಡಿದೀಪದ ಹೆಸರಿನಲ್ಲಿ ಕಾಳಗವೋ ಆ ಹಳ್ಳಿಗೆ ಇದರ ಕಾರಣ ತಿಳಿದಿರಲಿಲ್ಲ. ಎಣ್ಣೆ ಅಗ್ಗವಾಯಿತು, ಅಷ್ಟೆ. ಮರುವರ್ಷ, 1928ರ ಸೆಪ್ಟೆಂಬರಿನಲ್ಲಿ, ಸ್ಕಾಟ್ಲೆಂಡಿನ ಆಕ್ನಾಕ್ಯಾರಿ ಎಂಬ ಕೋಟೆಮನೆಯಲ್ಲಿ ದೊಡ್ಡ ಕಂಪೆನಿಗಳವರು ಸೇರಿ, ಪೇಟೆಯಲ್ಲಿ ಅವರವರಿಗೆ ಇರುವ ಪಾಲು ಇದ್ದಂತೆಯೇ ಇರಲೆಂದು ಒಪ್ಪಂದ ಮಾಡಿಕೊಂಡರು. ಭಾರತದ ವ್ಯಾಪಾರಕ್ಕಾಗಿ ಅದೇ ವರ್ಷ ಬರ್ಮಾ–ಶೆಲ್ ಕಂಪೆನಿ ಹುಟ್ಟಿತು. ಬೇಡದೆ ಬಂದ ಅಗ್ಗದ ಬೆಲೆ ಹೇಳದೆಯೇ ಹೊರಟುಹೋಗುತ್ತದೆ ಎಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಡ.

ಹೋದ ಗಾಣ ಆ ಮಧ್ಯೆ ಹಿಂದಿರುಗಲಿಲ್ಲ. ಅದರ ಕೊರತೆ ಏನೆಂಬುದು ತಿಳಿದದ್ದು ಎರಡನೆಯ ಮಹಾಯುದ್ಧದಲ್ಲಿ. 1942ರ ಏಪ್ರಿಲಿನಲ್ಲಿ ಜಪಾನೀಯರು ಮುತ್ತಿದಾಗ ಬ್ರಿಟಿಷರು ಬರ್ಮಾದ ಯೆನಾಂಜಾಂಗ್ ಎಣ್ಣೆ ಬಾವಿಗಳನ್ನು ತಾವೇ ಕೆಡಿಸಿ ಹಿಮ್ಮೆಟ್ಟಿದರು. ಇಲ್ಲಿ ಸೀಮೆಎಣ್ಣೆಗೆ ಬರಗಾಲ ಬಂದು, ಪಡಿತರದ ಚೀಟಿಗಳು ಬಂದುವು. ಮೋಟಾರುಗಳು ಬೆನ್ನಿಗೆ ಇದ್ದಿಲಿನ ಒಲೆ ಕಟ್ಟಿಕೊಂಡು ಓಡಿದುವು. ಅಟ್ಟ ಸೇರಿದ್ದ ಹಣತೆಗಳು ಕೆಳಗಿಳಿದುವು. ಮರದ ಕೆಳಗೆ ಹೊಂಗೆ ಬಿದ್ದಿತ್ತು. ಅರೆಯುವ ಗಾಣ ಎಲ್ಲ ಊರಿನಲ್ಲಿಯೂ ಇರಲಿಲ್ಲ.

ಇಳಿದ ಬೆಲೆ ಎಲ್ಲಿ ನಿಂತಿತು?

ಮೂರನೆಯ ಪ್ರಸಂಗ ನಮ್ಮ ಕಾಲದ್ದು. ದೀಪಕ್ಕೆ ಈಗ ವಿದ್ಯುತ್ತಿದೆ. ಎಣ್ಣೆ ಬಂಡಿಗೆ ಹೋಗಿದೆ. ಚನ್ನಗಿರಿ ತಾಲ್ಲೂಕು ಇಂದು ಅಡಿಕೆಯ ಸೀಮೆ. ನಲ್ಲೂರಿನ ತೋಟಗಾರನಿಗೆ ಉಳುವ ಟ್ರ್ಯಾಕ್ಟರಿಗೆ, ಅಡಿಕೆ ಸಾಗಿಸುವ ಲಾರಿಗೆ, ದಾವಣಗೆರೆಗೆ ಹೋಗುವ ಬಸ್ಸಿಗೆ, ಎಲ್ಲಕ್ಕೂ ಡೀಸೆಲ್ ಬೇಕು.

2014ರ ಜೂನ್‌ನಲ್ಲಿ ಕಚ್ಚಾ ಎಣ್ಣೆಯ ಬೆಲೆ ಪೀಪಾಯಿಗೆ ಸುಮಾರು 115 ಡಾಲರ್ ಇತ್ತು. ಅಮೆರಿಕದಲ್ಲಿ ಶೇಲ್ ಬಂಡೆಗಳಿಂದ ಎಣ್ಣೆ ತೆಗೆಯುವುದು ಹೆಚ್ಚಿತು. ಆ ವರ್ಷದ ನವೆಂಬರಿನಲ್ಲಿ ಒಪೆಕ್ ದೇಶಗಳು ಉತ್ಪಾದನೆ ತಗ್ಗಿಸಲು ಒಪ್ಪಲಿಲ್ಲ. 2016ರ ಜನವರಿಯಲ್ಲಿ ಬೆಲೆ 28 ಡಾಲರಿಗಿಂತಲೂ ಕೆಳಗಿಳಿಯಿತು. ಕಾಲುಭಾಗ! ಪೆಟ್ರೋಲಿನ ಬೆಲೆಯನ್ನು 2010ರಲ್ಲಿಯೂ ಡೀಸೆಲಿನ ಬೆಲೆಯನ್ನು 2014ರ ಅಕ್ಟೋಬರಿನಲ್ಲಿಯೂ ಪೇಟೆಗೆ ಬಿಟ್ಟುದರಿಂದ, ಲೋಕದ ಬೆಲೆ ಇಳಿದರೆ ಇಲ್ಲಿಯೂ ಇಳಿಯಬೇಕೆಂದು ಜನ ಎಣಿಸಿದರು. ಸ್ವಲ್ಪ ಇಳಿಯಿತು. ಆದರೆ 2014ರ ನವೆಂಬರಿನಿಂದ 2016ರ ಜನವರಿಯವರೆಗೆ ಕೇಂದ್ರ ಸರ್ಕಾರ ಒಂಬತ್ತು ಸಲ ಅಬಕಾರಿ ಸುಂಕವನ್ನು ಏರಿಸಿತು. ಲೀಟರಿಗೆ ಪೆಟ್ರೋಲಿನ ಮೇಲೆ ಒಟ್ಟು 11.77 ರೂಪಾಯಿ, ಡೀಸೆಲಿನ ಮೇಲೆ 13.47 ರೂಪಾಯಿ. ಇಳಿದ ಬೆಲೆಯ ಬಹುಪಾಲು ಬೊಕ್ಕಸದ ಬಾಗಿಲಲ್ಲಿಯೇ ನಿಂತಿತು.

ಇದರಲ್ಲಿ ಎಲ್ಲವೂ ಅನ್ಯಾಯವೆನ್ನಲಾಗದು. ಬೆಲೆ ಏರಿದ್ದ ವರ್ಷಗಳಲ್ಲಿ ಅದೇ ಬೊಕ್ಕಸ ಡೀಸೆಲ್, ಸೀಮೆಎಣ್ಣೆ, ಅಡಿಗೆ ಅನಿಲಗಳಿಗೆ ಸಹಾಯಧನ ಕೊಟ್ಟಿತ್ತು. ರಸ್ತೆಗಳಿಗೂ ಹಣ ಬೇಕು. ಆದರೂ ಲಾಭ ಹೀಗೆ ನಿಂತಾಗ ನಷ್ಟವೂ ಎಲ್ಲಿಯೋ ನಿಲ್ಲಬೇಕಲ್ಲವೆ? ಅದು ನಿಲ್ಲಲಿಲ್ಲ, ಸಮುದ್ರ ದಾಟಿ ನಡೆಯಿತು. ಎಣ್ಣೆಯ ದುಡ್ಡಿನಿಂದ ನಡೆಯುತ್ತಿದ್ದ ಕೊಲ್ಲಿ ದೇಶಗಳ ಕಟ್ಟಡಗಳ ಕೆಲಸ ಕುಗ್ಗಿತು. ಮಂಗಳೂರು, ಉಡುಪಿ, ಭಟ್ಕಳಗಳಿಂದ ಹೋಗಿ ದುಡಿದು ಮನೆಗೆ ಹಣ ಕಳಿಸುತ್ತಿದ್ದ ಎಷ್ಟೋ ಕನ್ನಡಿಗರು ಆ ದೇಶಗಳಲ್ಲಿದ್ದರು. 2016ರಲ್ಲಿ ಸೌದಿ ಅರೇಬಿಯದಲ್ಲಿ ಸಾವಿರಾರು ಭಾರತೀಯ ಕೂಲಿಗಾರರು ತಿಂಗಳುಗಟ್ಟಲೆ ಸಂಬಳವಿಲ್ಲದೆ ಸಿಕ್ಕಿಕೊಂಡು, ಅವರಿಗೆ ನಮ್ಮ ದೂತಾವಾಸ ಊಟ ಒದಗಿಸಬೇಕಾಯಿತು. ವಲಸೆಯ ಅನುಮತಿ ಪಡೆದು ಹೊರಟ ಭಾರತೀಯ ಕಾರ್ಮಿಕರು 2014ರಲ್ಲಿ ಸುಮಾರು 8 ಲಕ್ಷ. 2017ರಲ್ಲಿ 4 ಲಕ್ಷಕ್ಕೂ ಕಡಿಮೆ.

2020ರಲ್ಲಿ ಇದೇ ಕಥೆ ಒಂದೇ ತಿಂಗಳಿನಲ್ಲಿ ಕಾಣಿಸಿಕೊಂಡಿತು. ಮಹಾಮಾರಿಯಿಂದ ಲೋಕವೆಲ್ಲ ಬಾಗಿಲು ಹಾಕಿಕೊಂಡಾಗ ಎಣ್ಣೆ ಕೇಳುವವರಿಲ್ಲದೆ ಏಪ್ರಿಲಿನಲ್ಲಿ ಭಾರತ ಕೊಳ್ಳುವ ಎಣ್ಣೆಯ ಸರಾಸರಿ ಬೆಲೆ 20 ಡಾಲರಿಗೆ ಇಳಿಯಿತು. ಅಮೆರಿಕದ ಪೇಟೆಯಲ್ಲಿ ಒಂದು ದಿನ ಮಾರುವವನೇ ಹಣ ಕೊಟ್ಟು ಸಾಗಹಾಕಬೇಕಾದ ಸ್ಥಿತಿಯೂ ಬಂದಿತು. ಮೇ ತಿಂಗಳಿನಲ್ಲಿ ಇಲ್ಲಿ ಪೆಟ್ರೋಲಿನ ಮೇಲೆ 10 ರೂಪಾಯಿ, ಡೀಸೆಲಿನ ಮೇಲೆ 13 ರೂಪಾಯಿ ಸುಂಕ ಏರಿತು. ಅದೇ ಮೇ ತಿಂಗಳಿನಲ್ಲಿ ದುಬೈಯಿಂದ ಮಂಗಳೂರಿಗೆ ವಿಮಾನಗಳು ಜನರನ್ನು ಮರಳಿ ತಂದುವು. ಅವರಲ್ಲಿ ಕೆಲಸ ಕಳೆದುಕೊಂಡವರೂ ಇದ್ದರು. ರೋಗದ ಭಯವೂ ಕೆಲಸದ ನಷ್ಟವೂ ಒಂದೇ ಪೆಟ್ಟಿಗೆಯಲ್ಲಿ ಬಂದುವು. ಬಂಕಿನಲ್ಲಿ ನಿಂತವನಿಗೆ ಎಣ್ಣೆ ಅಗ್ಗವಾದದ್ದು ತಿಳಿಯಲಿಲ್ಲ. ವಿಮಾನದಿಂದ ಇಳಿದವನಿಗೆ ತಿಳಿಯಿತು.

ಇದು ಕೇಂದ್ರ ಸರ್ಕಾರವೊಂದರದೇ ಅಭ್ಯಾಸವಲ್ಲ. 2025ರ ಏಪ್ರಿಲ್ ಮೊದಲ ದಿನ ಕರ್ನಾಟಕ ಸರ್ಕಾರ ಡೀಸೆಲಿನ ಮಾರಾಟ ತೆರಿಗೆಯನ್ನು ಶೇಕಡ 18.44ರಿಂದ 21.17ಕ್ಕೆ ಏರಿಸಿತು. ಒಂದು ವಾರದಲ್ಲಿ ಕಚ್ಚಾ ಎಣ್ಣೆಯ ಬೆಲೆ ಕುಸಿಯಿತು. ಆಗ ಕೇಂದ್ರ ಲೀಟರಿಗೆ 2 ರೂಪಾಯಿ ಸುಂಕ ಸೇರಿಸಿತು. ಬಂಕಿನ ಬೆಲೆ ಏರಲಿಲ್ಲವೆಂಬುದು ಸಮಾಧಾನ, ಇಳಿಯಲಿಲ್ಲವೆಂಬುದು ಸತ್ಯ.

ಹೊಂಗೆಯ ನೆರಳು

ಈ ನಡುವೆ ಹೊಂಗೆಗೆ ಮತ್ತೆ ಒಂದು ಕರೆ ಬಂದಿತ್ತು. 1900ರ ಪ್ಯಾರಿಸ್ ಪ್ರದರ್ಶನದಲ್ಲಿ ಡೀಸೆಲ್ ಯಂತ್ರವೊಂದನ್ನು ಕಡಲೆಕಾಯಿ ಎಣ್ಣೆಯಿಂದ ಓಡಿಸಿ ತೋರಿಸಿದ್ದರು. 2008ರ ಜುಲೈನಲ್ಲಿ ಕಚ್ಚಾ ಎಣ್ಣೆ 147 ಡಾಲರ್ ಮುಟ್ಟಿದಾಗ ಬೀಜದ ಎಣ್ಣೆಯ ಮಾತು ಎಲ್ಲೆಡೆಯೂ ಹಬ್ಬಿತು. 2009ರಲ್ಲಿ ಕರ್ನಾಟಕ ಜೈವಿಕ ಇಂಧನ ನೀತಿಯನ್ನು ರೂಪಿಸಿತು. ಹೊಂಗೆ, ಹಿಪ್ಪೆ, ಬೇವು, ಸಿಮರೂಬಗಳನ್ನು ಬದುವಿನಲ್ಲಿ ನೆಡಿರೆಂದು ರೈತರಿಗೆ ಹೇಳಿತು. ಹೊಂಗೆ ಕಾಯಿ ಬಿಡಲು ವರ್ಷಗಳು ಬೇಕು. ಸಸಿ ಮರವಾಗುವ ಹೊತ್ತಿಗೆ ಕಲ್ಲೆಣ್ಣೆ ಅಗ್ಗವಾಗಿತ್ತು. ಬೀಜ ಆಯುವ ಕೂಲಿಯೂ ಗಿಟ್ಟದಂತಾಯಿತು. ನೂರು ವರ್ಷಗಳ ಹಿಂದೆ ಗಾಣಿಗನಿಗೆ ಆದದ್ದೇ ಈ ಹೊಸ ಗಾಣಿಗರಿಗೂ ಆಯಿತೆನ್ನಬಹುದು. ಬೆಲೆ ಏರಿದಾಗ ನೆಟ್ಟದ್ದನ್ನು ಬೆಲೆ ಇಳಿದಾಗ ಕಾಯುವ ತಾಳ್ಮೆ ಇಲ್ಲದಿದ್ದರೆ, ಪರದೇಶದ ಎಣ್ಣೆಯ ಹಂಗು ತಪ್ಪುವ ದಿನ ಬಾರದು.

‘ಎಣ್ಣೆ ಬಂದಾಗ ಕಣ್ಣು ಮುಚ್ಚಿಕೊಂಡರು’ ಎಂದು ನಮ್ಮಲ್ಲಿ ಒಂದು ಗಾದೆಯುಂಟು. ಎಣ್ಣೆ ಅಗ್ಗವಾದ ಮೂರು ಕಾಲಗಳಲ್ಲಿಯೂ ನಾವು ಮಾಡಿದ್ದು ಅದನ್ನೇ. ಮೊದಲನೆಯ ಸಲ ಮನೆ ಬೆಳಗಿತೆಂದು ಹಿಗ್ಗಿ ಗಾಣಿಗನತ್ತ ಕಣ್ಣು ಮುಚ್ಚಿದೆವು. ಎರಡನೆಯ ಸಲ ಕಂಪೆನಿಗಳ ಆಟ ತಿಳಿಯದೆ ಮುಚ್ಚಿದೆವು. ಮೂರನೆಯ ಸಲ ಬೆಲೆ ಏರದಿದ್ದರೆ ಸಾಕೆಂದು ಮುಚ್ಚಿದೆವು. ಇಳಿದ ಬೆಲೆಯಲ್ಲಿ ಒಂದು ಪಾಲನ್ನು ಕೆಲಸ ಕಳೆದುಕೊಂಡು ಹಿಂದಿರುಗಿದವನಿಗೆ, ಇನ್ನೊಂದು ಪಾಲನ್ನು ನೆಟ್ಟ ಹೊಂಗೆಗೆ ಎತ್ತಿಡುವುದು ಅಸಾಧ್ಯವಾದ ಕೆಲಸವೇನೂ ಅಲ್ಲ. ಹಿಂದೆ ದೇವಾಲಯಕ್ಕೆ ದೀಪದ ದತ್ತಿ ಬಿಡುತ್ತಿದ್ದವರು ಎಣ್ಣೆಯನ್ನು ಮಾತ್ರ ಲೆಕ್ಕ ಹಾಕುತ್ತಿರಲಿಲ್ಲ. ಅದನ್ನು ತೆಗೆಯುವ ಗಾಣವನ್ನೂ ಶಾಸನದಲ್ಲಿ ಬರೆಯಿಸುತ್ತಿದ್ದರು. ದೀಪ ಉರಿಯಬೇಕಾದರೆ ಗಾಣವೂ ಬದುಕಬೇಕೆಂಬುದು ಅವರಿಗೆ ಗೊತ್ತಿತ್ತು.